ಸೋದರಮಾವ ತಿರುಗಿ ಕರೆತಂದ ಹುಡುಗಿ

"ಗುರುಗಳೇ," ಎಂದು ಶಿಷ್ಯ ಕೇಳಿದ, "ಇಬ್ಬರು ಹೆಂಗಸರು ದಂಪತಿಗಳಂತೆ ಬಾಳಿ ಮಗುವೊಂದನ್ನು ಸಾಕಿದರೆ ಆ ಮಗುವಿಗೆ ಒಳ್ಳೆಯದಾಗುತ್ತದೆಯೇ? ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುತ್ತಿಲ್ಲ."

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಚಾಪೆ ಹೆಣೆಯುವ ಹೆಂಗಸೊಬ್ಬಳಿದ್ದಳು. ಗಂಡ ಸತ್ತ ಇನ್ನೊಬ್ಬಳು ಹಸುಗೂಸನ್ನು ಎತ್ತಿಕೊಂಡು ಆ ಊರಿಗೆ ಬಂದಳು. ಇಬ್ಬರಿಗೂ ಮನಸ್ಸು ಕೂಡಿತು. ಒಂದೇ ಮನೆ ಮಾಡಿದರು. ಊರು ಕೆಲವು ದಿನ ಆಡಿಕೊಂಡಿತು, ಆಮೇಲೆ ಸುಮ್ಮನಾಯಿತು. ಮಗು ಹೆತ್ತವಳನ್ನು ಅವ್ವ ಎಂದಿತು, ಚಾಪೆಯವಳನ್ನು ಅಮ್ಮ ಎಂದಿತು.

ಹುಡುಗಿಗೆ ಆರು ತುಂಬಿದಾಗ ಅವ್ವ ಜ್ವರ ಬಂದು ತೀರಿಕೊಂಡಳು. ಅವಳ ಅಣ್ಣ ಬೆಲ್ಲದ ವ್ಯಾಪಾರಿ. ಅವನು ಬಂದು, "ಇವಳು ನನ್ನ ತಂಗಿಯ ಮಗಳು. ನೀನು ಇವಳಿಗೆ ಏನಾಗಬೇಕು?" ಎಂದು ಕೇಳಿದ. ಚಾಪೆಯವಳು ಹುಡುಗಿಯ ಬಟ್ಟೆಗಳನ್ನು ಗಂಟು ಕಟ್ಟಿಕೊಟ್ಟಳು. ಅವನು ಹುಡುಗಿಯನ್ನು ಕರೆದುಕೊಂಡು ಹೋದ.

ವ್ಯಾಪಾರಿ ಕೆಟ್ಟವನಲ್ಲ. ತನ್ನ ಮಕ್ಕಳಿಗೆ ಬಡಿಸಿದ್ದನ್ನೇ ಬಡಿಸಿದ, ಹೊಸ ಲಂಗ ಹೊಲಿಸಿದ. ಹುಡುಗಿ ಕೊಟ್ಟದ್ದನ್ನು ಉಂಡಳು, ಹೇಳಿದ್ದನ್ನು ಮಾಡಿದಳು. ಹಟ ಮಾಡಲಿಲ್ಲ. ತಾಯಿ ಸತ್ತಿದ್ದಕ್ಕೆ ಒಂದು ದಿನವೂ ಅಳಲಿಲ್ಲ. ತಲೆ ಬಾಚಲು ಮಾತ್ರ ಯಾರನ್ನೂ ಬಿಡಲಿಲ್ಲ. ತಿಂಗಳು ಕಳೆಯಿತು. ಕೂದಲು ಗಂಟುಗಂಟಾಯಿತು.

"ಯಾವ ಮಗುವೂ ಇಷ್ಟು ಸುಮ್ಮನಿರಬಾರದು," ಎಂದಳು ಅವನ ಹೆಂಡತಿ.

ಏನು ಕಡಿಮೆ ಮಾಡಿದೆನೆಂದು ವ್ಯಾಪಾರಿಗೆ ತೋಚಲಿಲ್ಲ. ಹುಡುಗಿಯನ್ನು ಮತ್ತೆ ಆ ಊರಿಗೆ ಕರೆತಂದ. ಚಾಪೆಯವಳು ಹುಡುಗಿಯ ಕೂದಲು ನೋಡಿ ಎಣ್ಣೆ, ಬಾಚಣಿಗೆ ತಂದು ಜಗಲಿಯ ಮೇಲೆ ಕುಳಿತಳು. ಹುಡುಗಿ ಹೋಗಿ ಅವಳಿಗೆ ಬೆನ್ನು ಕೊಟ್ಟು ಕುಳಿತಳು. ಬಾಚಣಿಗೆ ಸಿಕ್ಕಿನಲ್ಲಿ ತಡೆಯಿತು.

"ನೋಯುತ್ತದೆ, ಅಮ್ಮ," ಎಂದಳು. ಆಮೇಲೆ, "ಅವ್ವ ಬೇಕು," ಎಂದು ಅತ್ತಳು. ಬೀದಿಗೆಲ್ಲ ಕೇಳುವಂತೆ ಅತ್ತಳು.

"ನನಗೂ ಬೇಕು, ಮಗಳೇ," ಎಂದು ಚಾಪೆಯವಳೂ ಅತ್ತಳು. ಬಾಚುವುದನ್ನು ನಿಲ್ಲಿಸಲಿಲ್ಲ.

ವ್ಯಾಪಾರಿ ಅಂಗಳದಲ್ಲಿ ನಿಂತು ನೋಡಿದ. ಸಂಜೆ, ಹುಡುಗಿಯ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟು ಒಬ್ಬನೇ ಹೊರಟ.

"ಗುರುಗಳೇ, ಅವನು ರಕ್ತಸಂಬಂಧಿ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ನನಗೆ ಇನ್ನೂ ಅರ್ಥವಾಗಲಿಲ್ಲ," ಎಂದ ಶಿಷ್ಯ.

"ಅವನಿಗೂ ಅರ್ಥವಾಗಿರಲಿಲ್ಲ, ಆದರೂ ಮಗುವನ್ನು ಅಲ್ಲಿ ಬಿಟ್ಟುಹೋದ," ಎಂದರು ಗುರುಗಳು.