ಮೊಳದುದ್ದದ ಸಸಿ

“ಬುದ್ಧಿ, ನನ್ನ ಜೊತೆ ಮಠಕ್ಕೆ ಬಂದವರೆಲ್ಲ ಪ್ರವಚನ ಹೇಳುತ್ತಾ ಊರೂರು ಸುತ್ತುತ್ತಿದ್ದಾರೆ. ಅವರಿಗಿಂತ ನಾನೇನು ಕಡಿಮೆ ಕಲಿತಿದ್ದೇನೆ? ‘ಹೋಗು’ ಎಂದು ನೀವು ಒಂದು ಮಾತು ಹೇಳಿದರೆ ಸಾಕು. ಯಾಕೆ ಹೇಳುತ್ತಿಲ್ಲ?” ಎಂದು ಶಿಷ್ಯ ಅಡವಯ್ಯ ಕೇಳಿದ.

ಗುರುಗಳು ನಕ್ಕರು. “ಒಂದೇ ಮಾತು ಸಾಕೇನೋ? ಸರಿ, ಕೂತುಕೋ. ಹೊಟ್ಟೆಕಿಚ್ಚು ಆಮೇಲೆ ಪಡುವೆಯಂತೆ” ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ತಾಯಿ ಸಾಯುವ ಮುಂಚೆ ಒಂದು ಮಡಕೆ ಬಿತ್ತನೆ ಭತ್ತ ಬಿಟ್ಟುಹೋಗಿದ್ದಳು. ಆ ತಳಿ ಸುತ್ತಮುತ್ತ ಬೇರೆ ಯಾರ ಬಳಿಯೂ ಇರಲಿಲ್ಲ. ಈ ಬೆಳೆ ಕೈಕೊಟ್ಟರೆ ತಾಯಿ ಉಣಿಸಿದ ಅನ್ನದ ರುಚಿ ಅವನಿಗೆ ಮತ್ತೆ ಸಿಗುತ್ತಿರಲಿಲ್ಲ. ಅಷ್ಟನ್ನೂ ಅವನು ಸಸಿಮಡಿಗೆ ಚೆಲ್ಲಿದ.

ಮಡಿಯಲ್ಲಿ ಅರ್ಧ ಸಸಿಗಳು ಮೊಳದುದ್ದ ಎದ್ದವು, ಇನ್ನರ್ಧ ಗೇಣುದ್ದವೇ ಇದ್ದವು. ರೈತ ಹಿಗ್ಗಿಹೋದ. ಎತ್ತರದವನ್ನೇ ಆರಿಸಿ ಗದ್ದೆಗೆ ನಾಟಿ ಮಾಡಿದ. “ಆ ಗಿಡ್ಡವನ್ನು ದನಕ್ಕೆ ಹಾಕು” ಎಂದು ಹೆಂಡತಿಗೆ ಹೇಳಿದ.

ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳು, ಅಡವಯ್ಯ. ಬೆಳೆಯುವುದು ಹೇಗೆ ಎಂಬುದು ಪ್ರತಿ ಸಸಿಯ ಒಳಗೂ ಮೊದಲೇ ಬರೆದಿದೆ. ಹೊತ್ತಿಗೆ ಮುಂಚೆ ಕೆಲಸ ಶುರುವಾಗದಂತೆ ಆ ಬರಹದ ಮೇಲೆ ಒಬ್ಬ ಕಾವಲುಗಾರ ಕೂತಿರುತ್ತಾನೆ. ಬೇರು ಊರಿದ್ದೇನೆಯೇ, ನೀರಿದೆಯೇ, ಬಿಸಿಲಿದೆಯೇ ಎಂದು ನೋಡಿಕೊಂಡು ಸಸಿ ತನ್ನೊಳಗೇ ಒಂದು ರಸ ಹುಟ್ಟಿಸುತ್ತದೆ. ಆ ರಸ ಕಾವಲುಗಾರನಿಗೆ ‘ಏಳು’ ಎನ್ನುತ್ತದೆ, ಅಷ್ಟೇ. ಅವನು ಎದ್ದ ಮೇಲೆ ಬರಹದ ಕೆಲಸ ಶುರು. ಈಗಿನವರು ಬರಹಕ್ಕೆ ಜೀನು ಎನ್ನುತ್ತಾರೆ, ರಸಕ್ಕೆ ಹಾರ್ಮೋನು ಎನ್ನುತ್ತಾರೆ. ಏನಾದರೂ ಅಂದುಕೊಳ್ಳಲಿ ಬಿಡು.

ಎತ್ತರದ ಸಸಿಗಳಿಗೆ ಬೂಷ್ಟು ಹೊಕ್ಕಿತ್ತು. ಆ ಬೂಷ್ಟಿಗೂ ಅದೇ ರಸ ಮಾಡಲು ಬರುತ್ತದೆ. ಸಸಿ ತಾನಾಗಿ ಹೇಳಬೇಕಿದ್ದ ಮಾತನ್ನು ಹೊರಗಿನಿಂದ ಬಂದ ಬೂಷ್ಟು ಹೇಳಿಬಿಟ್ಟಿತು. ಕಾವಲುಗಾರರೆಲ್ಲ ಎದ್ದುಹೋದರು. ಬೇರು ಗಟ್ಟಿಯಾಗುವ ಮೊದಲೇ ಸಸಿ ಮೇಲಕ್ಕೆ ಓಡಿತು.

ಕೊಯ್ಲಿಗೆ ಮುಂಚೆಯೇ ರೈತನ ಪೈರು ಬಿಳಿಚಿಕೊಂಡು ಮಲಗಿತು. ನಿಂತದ್ದರಲ್ಲೂ ಬರೀ ಜೊಳ್ಳು. ತಾಯಿಯ ಭತ್ತವನ್ನು ಕೈಯಾರೆ ಹಾಳು ಮಾಡಿದೆನೆಂದು ಅವನು ಬದುವಿನ ಮೇಲೆ ಕೂತು ಅತ್ತ. ಹೆಂಡತಿ ಅವನನ್ನು ಎಬ್ಬಿಸಿ ಹಿತ್ತಿಲಿಗೆ ಕರೆದೊಯ್ದಳು. ಅಲ್ಲಿ ಬಾವಿಯ ನೀರು ಹರಿಯುವ ಕಡೆ ಒಂದಿಷ್ಟು ಗಿಡ್ಡ ಪೈರು ತೆನೆಯ ಭಾರಕ್ಕೆ ಬಾಗಿ ನಿಂತಿತ್ತು.

“ಇದನ್ನು ಯಾವಾಗ ನೆಟ್ಟೆ?” ಎಂದ ರೈತ.

“ಬೈಯಬೇಡಿ. ಅತ್ತೆ ಕೊಟ್ಟ ಭತ್ತ, ದನಕ್ಕೆ ಹಾಕಲು ಮನಸ್ಸು ಬರಲಿಲ್ಲ” ಎಂದಳು ಅವಳು.

ಆ ಪೈರಿನಿಂದ ಮಡಕೆ ಮತ್ತೆ ತುಂಬಿತು.

ಕತೆ ಮುಗಿಯಿತು. ಅಡವಯ್ಯ ತಲೆ ತಗ್ಗಿಸಿ, “ಆದರೂ ಬುದ್ಧಿ, ನಿಮ್ಮ ಬಾಯಿಂದ ಆ ಒಂದು ಮಾತು ಬಂದರೆ…” ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು: “ನಿನಗೆ ಆ ಬೂಷ್ಟು ನಾನೇ ಆಗಲೇನೋ?”