ಗೇಟಿಗೆ ಹಾಸಿದ ಕಂಬಳಿ

“ಗುರುಗಳೇ, ಕಳಿಸಿದ ಮಾಲು ದಾರಿಯಲ್ಲಿ ಕಳೆದುಹೋದರೆ ಯಾರ ಕುತ್ತಿಗೆ ಹಿಡಿಯಬೇಕು?”

ಗರಡಿಯ ಕೆಮ್ಮಣ್ಣಿನಲ್ಲಿ ನಿಂತು ನಾನು ಹೀಗೆ ಕೇಳಿದೆ. ನಮ್ಮ ವಸ್ತಾದರಾದ ನಿರ್ವಾಣಪ್ಪನವರ ಎದುರು ನಿಂತು ಪ್ರಶ್ನೆ ಕೇಳುವ ಎದೆ ಇದ್ದದ್ದು ನನಗೊಬ್ಬನಿಗೇ. ಉಳಿದ ಪೈಲ್ವಾನರು ತಮ್ಮ ಪ್ರಶ್ನೆಯನ್ನು ನನ್ನ ಕಿವಿಯಲ್ಲಿ ಉಸುರಿ ನನ್ನಿಂದ ಕೇಳಿಸುತ್ತಿದ್ದರು.

ನಾನು ವ್ಯಾಯಾಮದ ಗದೆ ಕಡೆದು ಮಾರುತ್ತೇನೆ. ಬೇವಿನ ಗದೆ, ಜಾಲಿಯ ಗದೆ. ಫೋನಿನಲ್ಲಿ ಪಟ ಹಾಕಿದರೆ ಹೆಸರು ಕೇಳದ ಊರಿನವರೂ ಕೊಳ್ಳುತ್ತಾರೆ. ನನ್ನ ಗದೆ ತಿರುಗಿಸಿದವನ ಕೈ ಇನ್ನೊಬ್ಬರ ಗದೆಗೆ ಒಗ್ಗುವುದಿಲ್ಲ. ಅಂಥ ಒಂದು ಜೋಡಿ ಹದಿನಾರು ದಿನದಿಂದ ಪತ್ತೆ ಇರಲಿಲ್ಲ. ಕೊಂಡವನು ನನ್ನನ್ನು ಕಳ್ಳ ಎಂದ. ಕೊರಿಯರಿನವನು ಕೊಂಡವನನ್ನು ಕಳ್ಳ ಎಂದ. ನಾನು ಇಬ್ಬರನ್ನೂ ಕಳ್ಳರು ಎಂದೆ.

“ಇಪ್ಪತ್ತು ಕೇಜಿ ಮರ, ಜೇಬಿಗೆ ಇಳಿಸಿಕೊಂಡು ಹೋಗೋದಲ್ಲ ಗುರುಗಳೇ. ಯಾರೋ ಹೊತ್ತಿರಲೇಬೇಕು. ಯಾರು ಅಂತ ನೀವು ಹೇಳಿ, ಸಾಕು. ಮಿಕ್ಕಿದ್ದು ನನ್ನ ತೋಳು ನೋಡಿಕೊಳ್ಳುತ್ತೆ.”

ವಸ್ತಾದರು ಹೆಗಲ ವಸ್ತ್ರ ಕೊಡವಿ ಕಟ್ಟೆಯ ಮೇಲೆ ಕುಳಿತರು.

“ತೋಳಿಗೆ ಕೆಲಸ ಬೆಳಿಗ್ಗೆ ಕೊಟ್ಟಿದ್ದೀನಲ್ಲ ಅಡಿವೆಪ್ಪ. ಈಗ ಕಿವಿಗೆ ಕೊಡು,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಂಬಳಿ ನೇಕಾರನಿದ್ದ. ಕರಿ ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯುತ್ತಿದ್ದ. ಹೊದೆಯಲು ಅಲ್ಲ, ಗದ್ದುಗೆ ಹಾಸಲು. ಮದುವೆಯಲ್ಲಿ ಮದುಮಕ್ಕಳನ್ನು ಅದರ ಮೇಲೆ ಕೂರಿಸುತ್ತಾರೆ. ದೇವರ ಮುಂದೆ ಅದನ್ನು ಹಾಸುತ್ತಾರೆ. ಚಪ್ಪಲಿ ಕಾಲಿನಿಂದ ಅದನ್ನು ಯಾರೂ ತುಳಿಯುವುದಿಲ್ಲ.

ನೇಕಾರ ಮೊದಲು ಸಂತೆಯಲ್ಲಿ ಮಾರುತ್ತಿದ್ದ. ಆಮೇಲೆ ಒಂದು ಕಂಪನಿಯ ಮೂಲಕ ಫೋನಿನಲ್ಲಿ ಅಂಗಡಿ ತೆರೆದ. ಅಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು. ಹೆಸರು ಬಂದ ಮೇಲೆ ಅವನು ಯಾರ ಮಾತನ್ನೂ ಕೇಳಲಿಲ್ಲ.

ಪೊಟ್ಟಣ ಕಟ್ಟುವುದರಲ್ಲೂ ಅವನದೇ ಪದ್ಧತಿ. ಕಂಬಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅದರ ಮೇಲೆ ಬಟ್ಟೆ ಹೊಲಿದು, ಬಟ್ಟೆಯ ಮೇಲೆ ವಿಳಾಸದ ಚೀಟಿ ಅಂಟಿಸುತ್ತಿದ್ದ. ಚೀಟಿಯ ಮೇಲೆ ಟೇಪು ಸುತ್ತಿ ಎಂದು ಕಂಪನಿಯವರು ಹೇಳಿದ್ದರು. ಅವನು ನಕ್ಕುಬಿಟ್ಟ. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯನ್ನೇ ಚೀಟಿಗೂ ಬಳಿದ.

“ನಮ್ಮಜ್ಜನ ಕಾಲದ ಗಂಜಿ ಇದು. ಹಿಡಿದರೆ ಮೂವತ್ತು ವರ್ಷ ಬಿಡಲ್ಲ. ನಿಮ್ಮ ಟೇಪು ಮೂರು ದಿನದ ನೆಂಟ,” ಎಂದ.

ದೀಪಾವಳಿ ಮುಗಿದು ಮದುವೆಗಳು ಶುರುವಾದವು. ದೂರದ ಊರಿನ ಒಬ್ಬ ತಾಯಿ ಮಗಳ ಮದುವೆಗೆಂದು ಒಂದು ಕಂಬಳಿ ಕೊಂಡಳು. ನೇಕಾರ ಅದೇ ದಿನ ಕಳಿಸಿದ. ಮಾಲು ದಾರಿಯಲ್ಲಿದೆ ಎಂದು ಫೋನು ತೋರಿಸಿತು. ಐದು ದಿನ ಕಳೆಯಿತು. ದಾರಿಯಲ್ಲಿದೆ. ಹನ್ನೆರಡು ದಿನ ಕಳೆಯಿತು. ದಾರಿಯಲ್ಲಿದೆ.

“ನಮ್ಮ ಕುರಿ ಹಿಂಡು ಮೇಯ್ತಾ ಹೋಗಿದ್ದರೂ ಇಷ್ಟೊತ್ತಿಗೆ ಆ ಊರು ಮುಟ್ಟಿ, ನೀರು ಕುಡಿದು, ವಾಪಸ್ ಹೊರಟಿರೋದು,” ಎಂದ ನೇಕಾರ.

ಮದುವೆಗೆ ಮೂರು ದಿನ ಉಳಿಯಿತು. ತಾಯಿ ಫೋನು ಮಾಡಿದಳು.

“ನೀವು ಕಳಿಸೇ ಇಲ್ಲ. ಗದ್ದುಗೆ ಕಂಬಳಿ ಅಂತ ಹೇಳಿ ಮೋಸ ಮಾಡ್ತೀರಲ್ಲ, ನಿಮ್ಮ ಮನೇಲಿ ಹೆಣ್ಣುಮಕ್ಕಳಿಲ್ಲವಾ?”

“ತಾಯೀ, ನಾನು ನೇಯ್ದದ್ದು ನಾನು ಕಳಿಸಿದ್ದೀನಿ. ಕದ್ದವನು ಕೊರಿಯರಿನವನು.”

“ನನ್ನ ಮಗಳು ಕೊರಿಯರಿನವನ ಮೇಲೆ ಕೂರಲಾ?” ಎಂದು ಅವಳು ಫೋನು ಇಟ್ಟಳು. ಇವನು ಮೋಸಗಾರ ಎಂದು ಅವನ ಅಂಗಡಿಯ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದಳು. ಕಂಪನಿಯಿಂದಲೂ ಒಂದು ಸಾಲು ಬಂತು. ತಪ್ಪು ನೇಕಾರನದೆಂದು ಕಂಡರೆ ಅಂಗಡಿ ಮುಚ್ಚಲಾಗುವುದು.

ಇನ್ನೊಂದು ಕಂಬಳಿ ಕೊಡೋಣವೆಂದರೆ ಮಗ್ಗದ ಮೇಲಿದ್ದದ್ದು ಮುಗಿಯಲು ಇನ್ನೂ ಒಂದು ವಾರ ಬೇಕಿತ್ತು. ಮನೆಯಲ್ಲಿ ಇದ್ದದ್ದು ಅವನ ಸ್ವಂತ ಮದುವೆಯ ಕಂಬಳಿ ಮಾತ್ರ. ಒಬ್ಬರು ಕೂತು ಎದ್ದ ಗದ್ದುಗೆಯನ್ನು ಇನ್ನೊಂದು ಮದುವೆಗೆ ಹಾಸುವುದಿಲ್ಲ. ಅವನು ಅದನ್ನೇ ಹೆಗಲಿಗೆ ಹಾಕಿಕೊಂಡ. ಮಾಲು ಕೊನೆಯದಾಗಿ ಎಲ್ಲಿತ್ತೆಂದು ಫೋನು ತೋರಿಸಿತ್ತೋ ಆ ಪೇಟೆಯ ಗೋದಾಮಿಗೆ ಬಸ್ಸು ಹಿಡಿದ.

ಮರುದಿನ ಬೆಳಿಗ್ಗೆ ಗೋದಾಮಿನ ಗೇಟು ಮುಟ್ಟಿದ. ಅಲ್ಲಿಯ ಮೇನೇಜರು ಅವನನ್ನು ಒಳಗೆ ಬಿಡಲಿಲ್ಲ.

“ಹೊರಗಿನವರಿಗೆ ಪ್ರವೇಶ ಇಲ್ಲ. ಫೋನಿನಲ್ಲಿ ದೂರು ಕೊಡಿ. ಏಳು ದಿನದಲ್ಲಿ ಉತ್ತರ ಬರುತ್ತೆ.”

“ಮದುವೆ ನಾಡಿದ್ದು.”

“ನಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಮಾಲು ದಾರಿಯಲ್ಲಿದೆ ಅಂತಿದೆ. ನಾನೇನು ಮಾಡಲಿ?”

“ಸರಿ. ನಾನೂ ದಾರಿಯಲ್ಲೇ ಇರ್ತೀನಿ,” ಎಂದ ನೇಕಾರ. ಹೆಗಲ ಕಂಬಳಿಯನ್ನು ಗೇಟಿಗೆ ಅಡ್ಡ ಹಾಸಿದ. ಚಪ್ಪಲಿ ಬಿಟ್ಟು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ.

ಮೊದಲ ಲಾರಿ ಬಂತು. “ಹತ್ತಿಸು, ಏಳ್ತಾನೆ,” ಎಂದ ಮೇನೇಜರು. ಲಾರಿಯವನು ಕೆಳಗಿಳಿದು ಬಂದ. ಕಂಬಳಿ ನೋಡಿದ. ಕಾಲಿನ ಚಪ್ಪಲಿ ಕಳಚಿದ.

“ಮನುಷ್ಯ ಒಬ್ಬನೇ ಆಗಿದ್ದರೆ ಎತ್ತಿ ಪಕ್ಕಕ್ಕೆ ಇಡ್ತಿದ್ದೆ ಸಾರ್. ಇದು ಗದ್ದುಗೆ. ಇದರ ಮೇಲೆ ನನ್ನ ಚಕ್ರ ಹತ್ತಲ್ಲ.”

ಎರಡನೆಯ ಲಾರಿಯವನೂ ಇಂಜಿನ್ ಆರಿಸಿದ. ಮೂರನೆಯವನು ಬೇರೆ ಸೀಮೆಯವನು. ಅವನಿಗೆ ಗದ್ದುಗೆ ಎಂದರೇನು ಎಂದು ಗೊತ್ತಿರಲಿಲ್ಲ. ಆದರೆ ಮುಂದೆ ನಿಂತ ಎರಡು ಲಾರಿ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಲಾರಿಗಳು ರಸ್ತೆಯುದ್ದಕ್ಕೂ ನಿಂತವು. ಮೇನೇಜರನ ಫೋನು ಬಡಿದುಕೊಳ್ಳತೊಡಗಿತು.

“ಬಾರಯ್ಯ ಮಹಾರಾಯ. ನೀನೇ ಹುಡುಕ್ಕೋ,” ಎಂದು ಅವನು ಗೇಟು ತೆರೆದ.

ಗೋದಾಮಿನ ಮೂಲೆಯಲ್ಲಿ ವಿಳಾಸವಿಲ್ಲದ ಪೊಟ್ಟಣಗಳ ರಾಶಿ ಇತ್ತು. ನೇಕಾರ ಆ ರಾಶಿಯಲ್ಲಿ ತನ್ನ ಹೊಲಿಗೆಯನ್ನು ಗುರುತು ಹಿಡಿದ. ಒಂದಲ್ಲ, ನಾಲ್ಕು ಪೊಟ್ಟಣ. ಹೊಲಿಗೆ ಬಿಚ್ಚಿರಲಿಲ್ಲ. ಯಾರೂ ಕದ್ದಿರಲಿಲ್ಲ. ಚೀಟಿ ಇದ್ದ ಜಾಗ ಮಾತ್ರ ಹಲ್ಲು ಕೆರೆದು ಬೋಳಾಗಿತ್ತು.

ರಾಶಿ ಕಾಯುವ ಹೆಂಗಸು ಹತ್ತಿರ ಬಂದಳು. “ಇವು ನಿಮ್ಮವಾ? ಏನು ಹಚ್ಚಿದ್ದೀರಣ್ಣ? ಬೇರೆ ಪೊಟ್ಟಣ ನಮ್ಮ ಇಲಿ ಮೂಸಲ್ಲ. ನಿಮ್ಮದು ಬಂತು ಅಂದರೆ ನೆಂಟರನ್ನೆಲ್ಲ ಕರಕೊಂಡು ಬರ್ತವೆ.”

ನೇಕಾರ ಬೋಳಾದ ಜಾಗದ ಮೇಲೆ ಬೆರಳಾಡಿಸಿದ. ಗಂಜಿಗೆ ಇಲಿ ಬರುತ್ತದೆಂಬುದು ಮಗ್ಗದ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆಂದೇ ಅವನು ಎರಡು ಬೆಕ್ಕು ಸಾಕಿದ್ದ. ಬೆಕ್ಕು ಮನೆಯಲ್ಲಿ ಉಳಿದಿತ್ತು, ಗಂಜಿ ಊರು ಸುತ್ತಲು ಹೊರಟಿತ್ತು. ಮುಂಚೆ ಪೊಟ್ಟಣಗಳು ಒಂದೇ ದಿನದಲ್ಲಿ ಗೋದಾಮು ದಾಟುತ್ತಿದ್ದವು. ಮದುವೆ ಕಾಲದ ದಟ್ಟಣೆಯಲ್ಲಿ ವಾರಗಟ್ಟಲೆ ಬಿದ್ದುಕೊಂಡವು. ಇಲಿಗೆ ಪುರುಸೊತ್ತು ಸಿಕ್ಕಿತು.

ಮೇನೇಜರು ಹೊಟ್ಟೆ ಹಿಡಿದು ನಕ್ಕ. ಆಮೇಲೆ ದನಿ ತಗ್ಗಿಸಿದ.

“ನೋಡು, ಇದು ನಮ್ಮ ಮೂವರಿಗೇ ಗೊತ್ತು. ನಮ್ಮವರ ಕೈಯಲ್ಲೇ ಚೀಟಿ ಹರಿಯಿತು ಅಂತ ನಾನು ಬರೆದುಕೊಡ್ತೀನಿ. ನಿನ್ನ ಅಂಗಡಿ ಉಳಿಯುತ್ತೆ. ನೀನು ನನ್ನ ಗೇಟು ಬಿಡು.”

ನೇಕಾರ ತಲೆ ಎತ್ತಿದ.

“ಹನ್ನೊಂದು ಲಾರಿ ನಿಲ್ಲಿಸಿದ್ದು ನಿಜ ನೋಡೋಕೆ. ಸುಳ್ಳೇ ಸಾಕಾಗಿದ್ದರೆ ಮನೇಲಿ ಕೂತೇ ಹೇಳ್ತಿದ್ದೆ, ಬಸ್ಸಿನ ಖರ್ಚಾದರೂ ಉಳಿಯೋದು.”

ಅವನು ಅಲ್ಲೇ ನಿಂತು, ತಾಯಿ ಬರೆದ ದೂರಿನ ಕೆಳಗೆ ತಾನೂ ಬರೆದ. ಕಂಬಳಿ ಕಳಿಸಿದ್ದು ನಿಜ, ಯಾರೂ ಕದ್ದಿಲ್ಲ, ಇಲಿ ತಿನ್ನುವ ಗಂಜಿ ಹಚ್ಚಿದವನು ನಾನು. ನಾಲ್ಕೂ ಪೊಟ್ಟಣಗಳನ್ನು ಹೆಗಲಿಗೇರಿಸಿದ. ಗೇಟಿಗೆ ಬಂದು ತನ್ನ ಕಂಬಳಿ ಮಡಿಚಿದ. ಅದನ್ನು ತುಳಿಯಲು ಒಪ್ಪದ ಮೊದಲ ಲಾರಿಯವನು ಬಾಗಿಲು ತೆರೆದು ಹಿಡಿದಿದ್ದ.

“ಸರಕು ಇಳಿಸಿದ ಮೇಲೆ ನಾನೂ ಆ ಕಡೇನೇ. ಹತ್ತು. ಮುಹೂರ್ತಕ್ಕೆ ಮುಂಚೆ ಮುಟ್ಟಿಸ್ತೀನಿ.”

ಮದುವೆಯ ದಿನ ಹಂದರದ ಬಾಗಿಲಲ್ಲಿ ನೇಕಾರ ನಿಂತ. ತಾಯಿ ಅವನನ್ನು ನೋಡಿದಳು, ಅವನ ಕೈಯಲ್ಲಿದ್ದದ್ದನ್ನು ನೋಡಿದಳು. ಇಬ್ಬರೂ ಕ್ಷಮೆ ಕೇಳಲಿಲ್ಲ. “ನೀವೇ ಹಾಸಿ,” ಎಂದಳು. ಅವನು ಹಾಸಿದ. ಮದುಮಕ್ಕಳು ಕುಳಿತರು. ಉಳಿದ ಮೂರನ್ನೂ ಅವನೇ ಮನೆಮನೆಗೆ ಮುಟ್ಟಿಸಿ ಬಂದ.

ಮುಂದಿನ ವಾರ ಕಂಪನಿ ಅವನ ಅಂಗಡಿ ಮುಚ್ಚಿತು.

ನನಗೆ ತಡೆಯಲಾಗಲಿಲ್ಲ. “ಮುಚ್ಚಿದರಾ? ನಿಜ ಹೇಳಿದವನ ಅಂಗಡಿ ಮುಚ್ಚಿದರಾ? ಅವನು ಸುಮ್ಮನೆ ತಲೆ ತಗ್ಗಿಸಿದನಾ?”

“ತಲೆ ಯಾಕೆ ತಗ್ಗಿಸ್ತಾನೆ? ಸಂತೆಗೆ ಹೋದ. ಕಂಬಳಿ ಹಾಸಿ ಕೂತ. ಇದರ ಕತೆ ಗೊತ್ತಾ ಅಂತ ಬಂದವರಿಗೆಲ್ಲ ತಾನೇ ಹೇಳಿದ, ಇಲಿಯ ಸಮೇತ.”

“ಅದೆಲ್ಲ ಸರಿ ಗುರುಗಳೇ. ಅವನದು ಗಂಜಿ. ನಾನು ಟೇಪು ಸುತ್ತಿದ್ದೀನಿ, ಒಂದಲ್ಲ ಮೂರು ಸುತ್ತು. ವಿಳಾಸ ಎರಡು ಕಡೆ ಬರೆದಿದ್ದೀನಿ. ನನ್ನ ಕಡೆಯಿಂದ ಕೂದಲೆಳೆಯ ತಪ್ಪಿಲ್ಲ.”

“ಇರಲಿಕ್ಕಿಲ್ಲ,” ಎಂದರು ವಸ್ತಾದರು. ಎದ್ದು ಹೆಗಲಿಗೆ ವಸ್ತ್ರ ಹಾಕಿಕೊಂಡರು. ಪೈಲ್ವಾನರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

“ಆ ಗದೆ ಹುಡುಕಿಕೊಂಡು ನೀನು ಎಲ್ಲಿಯ ತನಕ ಹೋಗಿದ್ದೆ?”