ಮದ್ದಿನ ಮೆಟ್ಟಿಲು

ಹಳೇಪುರದಲ್ಲಿ ಬಸ್ಸಿಳಿದು ಮೂಡಣ ದಿಕ್ಕಿಗೆ ಒಂದು ಹರದಾರಿ ನಡೆದರೆ ಮದ್ದಿನ ಮೆಟ್ಟಿಲು ಸಿಗುತ್ತದೆ. ಹೆಸರು ಕೇಳಿ ಕಂಬ, ಗೋಪುರ ಎಂದೆಲ್ಲ ಕಲ್ಪಿಸಿಕೊಂಡು ಬಂದವರಿಗೆ ಮೊದಲು ತುಸು ನಿರಾಸೆಯಾಗುವುದುಂಟು. ಆಗಲಿ ಬಿಡಿ, ಹತ್ತು ಹೆಜ್ಜೆ ಹತ್ತುವುದರೊಳಗೆ ನಗು ಬರುತ್ತದೆ. ಒಂದು ಮೆಟ್ಟಿಲು ಎಮ್ಮೆ ಮಲಗಿದಷ್ಟು ಅಗಲವಾದರೆ ಅದರ ಮೇಲಿನದು ರಾಗಿರೊಟ್ಟಿಯಷ್ಟು. ಇನ್ನೊಂದು, ನೋಡಿದರೆ, ಯಾರ ಮನೆಯದೋ ಒಡೆದ ಬೀಸುವ ಕಲ್ಲು. ಎಣಿಸಿದವರಿಗೆಲ್ಲ ಒಂದೊಂದು ಲೆಕ್ಕ. ಯಾವ ರಾಜ ಕಟ್ಟಿಸಿದ್ದು ಎಂದು ಕೇಳಿದರೆ, ಬೆಟ್ಟದ ಮೇಲಿನ ಕಾರೆದೊಡ್ಡಿಯ ಮುದುಕರು, "ರಾಜ ಇಲ್ಲಿಗೆಲ್ಲಿ ಬಂದಾನು ಬುದ್ಧಿ, ಕಟ್ಟಿಸಿದ್ದು ಕೆಮ್ಮು ನೆಗಡಿ" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಆದರೆ ಮುದುಕರು ಹೇಳುವುದರಲ್ಲಿ ಸುಳ್ಳಿಲ್ಲ.

ಹಿಂದೆ ಒಮ್ಮೆ, ಈ ಬೆಟ್ಟಕ್ಕೆ ಕಾಲುದಾರಿಯೂ ಇಲ್ಲದಿದ್ದ ಕಾಲದಲ್ಲಿ, ಹಳೇಪುರದಲ್ಲಿ ಹೊನ್ನಾಜಮ್ಮನೆಂಬ ನಾಟಿವೈದ್ಯೆ ಇದ್ದಳಂತೆ. ಗಾಣದವರು ಹರಳೆಣ್ಣೆ ಕೊಡುತ್ತಿದ್ದರು, ಅಂಗಡಿಯವರು ಶುಂಠಿ, ಹಿಪ್ಪಲಿ ಕೊಡುತ್ತಿದ್ದರು; ಊರೆಲ್ಲ ಸೇರಿ ನಡೆಸುತ್ತಿದ್ದ ಆ ಧರ್ಮದ ಮದ್ದನ್ನು ಬುಟ್ಟಿಯಲ್ಲಿಟ್ಟು ವಾರಕ್ಕೊಮ್ಮೆ ಕಾರೆದೊಡ್ಡಿಗೆ ಹೊತ್ತೊಯ್ಯುವುದು ಅವಳ ಪಾಲಿನ ಕೆಲಸ. ವಿದ್ಯೆ ಕಲಿಸಿದ ಅತ್ತೆ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದಳು: ರೋಗಿಯ ಮುಂದೆ ಕೈ ಒಡ್ಡಿದ ದಿನ ಕೈಗುಣ ಹೋಗುತ್ತದೆ. ಹೀಗಾಗಿ ಹೊನ್ನಾಜಮ್ಮ ಯಾರ ಮನೆಯ ಎಲೆಅಡಿಕೆಯನ್ನೂ ಮುಟ್ಟಿದವಳಲ್ಲ.

ಒಂದು ಮಾಗಿಯಲ್ಲಿ ದೊಡ್ಡಿಯ ಕೆಂಪಮಾದಿಯ ಐದು ವರ್ಷದ ಮೊಮ್ಮಗಳು ಚಿಕ್ಕತಾಯಿ ಜ್ವರ ಹಿಡಿದು ಮಲಗಿದಳು. ಹೊನ್ನಾಜಮ್ಮ ವಾರಕ್ಕೊಮ್ಮೆ ಬರುವುದನ್ನು ಬಿಟ್ಟು ದಿನವೂ ಹತ್ತಿದಳು. ಮೂರು ದಿನ ಅಜ್ಜಿಯ ಕೈಗೆ ಕಷಾಯ ಕೊಟ್ಟು ಹೋದರೂ ಜ್ವರ ಇಳಿಯಲಿಲ್ಲ. ಮಗು ಕಣ್ಣು ಬಿಡುವುದನ್ನೂ ನಿಲ್ಲಿಸಿತು. ನನ್ನ ಕೈಗುಣವೇ ಹೋಯಿತೇನೋ, ಅರಿವಿಲ್ಲದೆ ಯಾರಿಂದ ಏನು ತೆಗೆದುಕೊಂಡೆ ಎಂದು ಅವಳು ದಾರಿಯುದ್ದಕ್ಕೂ ನೆನೆನೆನೆದು ಕಂಗಾಲಾದಳು. ನಾಲ್ಕನೆಯ ದಿನ ಮಸುಕು ಕಣ್ಣಲ್ಲಿ ಹತ್ತುವಾಗ ಕಾಲು ಜಾರಿ ಹೆಬ್ಬೆರಳು ಒಡೆಯಿತು. ಕುಂಟುತ್ತ ಕೆಂಪಮಾದಿಯ ಗುಡಿಸಲ ಹಿಂದಕ್ಕೆ ಹೋಗಿ ಗಾಯ ತೊಳೆಯಲು ಬಾಗಿದರೆ, ಹರಳುಗಿಡದ ಬುಡದ ಮಣ್ಣಿನಿಂದ ತನ್ನದೇ ಕಷಾಯದ ವಾಸನೆ.

"ಮಾದಿ, ಮಗೀಗೆ ಕುಡಿಸಲಿಲ್ವೇನೆ?"

"ಸುರಿದ್ಬುಟ್ಟೆ ಕನವ್ವ" ಎಂದಳು ಮುದುಕಿ, ತಲೆ ತಗ್ಗಿಸಿ. "ಬಿಟ್ಟಿ ಮದ್ದು ಗಂಟಲಲ್ಲಿ ಇಳೀತದೆ, ಮೈಗೆ ಹತ್ತಲ್ಲ. ನೀನೋ, ಒಂದು ಮೊಟ್ಟೇನೂ ಮುಟ್ಟೋಳಲ್ಲ. ಅಷ್ಟು ದೂರ ಹತ್ತಿ ಬಂದೋಳ ಎದುರಿಗೆ ಬ್ಯಾಡ ಅನ್ನಕೆ ಬಾಯಿ ಬರನಿಲ್ಲ. ಈಗಲಾದ್ರೂ ಈ ಕೋಳಿ ತಕ್ಕೋ, ನಿನ್ನ ಕಾಲಿಗೆ ಬೀಳ್ತೀನಿ."

ಕೋಳಿ ತೆಗೆದುಕೊಂಡರೆ ತನ್ನ ಕೈ ಸತ್ತಂತೆ, ಬಿಟ್ಟರೆ ಮದ್ದು ಸತ್ತಂತೆ. ಒಳಗೆ ಮಗುವಿನ ಉಸಿರು ಗೊರಗೊರ ಎನ್ನುತ್ತಿತ್ತು. ಹೊನ್ನಾಜಮ್ಮ ಜಗಲಿಯ ಮೇಲೆ ಕುಸಿದು ಕೂತು ತನ್ನ ಬೆರಳಿನಿಂದ ಒಸರುವ ರಕ್ತವನ್ನೇ ನೋಡಿದಳಂತೆ. ಆಮೇಲೆ ಮೆಲ್ಲಗೆ, "ಮಾದಿ, ನಾನು ಜಾರಿದ ಜಾಗದಲ್ಲಿ ಒಂದು ಕಲ್ಲು ಹಾಕು. ನನ್ನ ಕೈಗೆ ಏನೂ ಬೀಳಲ್ಲ, ನಿನ್ನ ಮದ್ದೂ ಬಿಟ್ಟಿ ಆಗಲ್ಲ" ಎಂದಳು. ಮುದುಕಿ ಎದ್ದು, ಒಲೆಯ ಪಕ್ಕದ ಒಡೆದ ಬೀಸುವ ಕಲ್ಲನ್ನೇ ಸೊಂಟಕ್ಕೇರಿಸಿ ಇಳಿದಳು. ಅವಳು ಕಲ್ಲು ಹೂತು, ಅಲುಗದಂತೆ ತುಳಿದು, ಏದುಸಿರು ಬಿಡುತ್ತ ಹಿಂದಿರುಗಿದ ಮೇಲೆ ತನ್ನ ಕೈಯಾರೆ ಮೊಮ್ಮಗಳಿಗೆ ಕಷಾಯ ಕುಡಿಸಿದಳು. ಎರಡನೆಯ ದಿನ ಬೆವರು ಬಂತು. ಮೂರನೆಯ ದಿನ ಚಿಕ್ಕತಾಯಿ ಗಂಜಿ ಕೇಳಿದಳು.

ಅಲ್ಲಿಂದ ಮುಂದೆ ಅದೇ ಕಟ್ಟಳೆಯಾಯಿತು: ಮೊದಲು ಕಲ್ಲು, ಆಮೇಲೆ ಮದ್ದು. ಕಿವಿನೋವಿಗೆ ಸಣ್ಣದು, ಹೆರಿಗೆಗೆ ಗಂಡನಾದವನು ಹೊರಲೇಬೇಕಾದ ಹಾಸುಗಲ್ಲು. "ಬರೀ ಶೀತಕ್ಕೆ ಇಷ್ಟು ದಪ್ಪದ್ದಾ?" ಎಂದು ಗೊಣಗಿದವನಿಗೆ ಕೆಂಪಮಾದಿ, "ಸೀನು ನೋಡ್ಲಾ ನಿಂದು, ಬೆಟ್ಟವೇ ಅದುರ್ತದೆ. ಹೊರು" ಎನ್ನುತ್ತಿದ್ದಳಂತೆ. ಹೀಗೆ ಕಾಯಿಲೆಗೊಂದರಂತೆ ಏರಿದ ಕಲ್ಲುಗಳು ಕೆಲವು ವರ್ಷಗಳಲ್ಲಿ ದೊಡ್ಡಿಯ ಹೊಸ್ತಿಲು ಮುಟ್ಟಿದವು. ಆದರೆ ದಾರಿ ಮುಗಿಯಿತೆಂದು ಕಾಯಿಲೆ ನಿಲ್ಲುತ್ತದೆಯೇ? ಇನ್ನು ಕಲ್ಲು ಎಲ್ಲಿ ಹಾಕುವುದು ಎಂದು ಊರವರು ಕೇಳಿದಾಗ, ಆ ಹೊತ್ತಿಗೆ ಹೊನ್ನಾಜಮ್ಮನ ಜೊತೆ ಬೇರು ಅರೆಯುವಷ್ಟು ಬೆಳೆದಿದ್ದ ಚಿಕ್ಕತಾಯಿ ಬೆಟ್ಟದ ಆಚೆಯ ಬದಿಗೆ ಕೈ ತೋರಿಸಿದಳು. ಅಲ್ಲಿ ಕೆಳಗೆ ಜಾಲಿದೊಡ್ಡಿ. ಅಲ್ಲಿಗೆ ಅದುವರೆಗೆ ಯಾವ ವೈದ್ಯರೂ ಹೋದವರಲ್ಲ.

ಈಗಲೂ ಹತ್ತಿ ಬಂದವರು ಕಾರೆದೊಡ್ಡಿಯಲ್ಲಿ ನೀರು ಕುಡಿದು, ಇಷ್ಟೇ ಎಂದು ಹಿಂದಿರುಗಲು ಹೊರಟರೆ, ಅಲ್ಲಿಯ ಹೆಂಗಸರು ಅವರನ್ನು ಊರಾಚೆಗೆ ಕರೆದೊಯ್ಯುತ್ತಾರೆ. ಮೆಟ್ಟಿಲುಗಳು ಬೆಟ್ಟದ ಬೆನ್ನನ್ನು ದಾಟಿ ಜಾಲಿದೊಡ್ಡಿಯ ಕಡೆಗೆ ಇಳಿಯುತ್ತವೆ, ಅಲ್ಲಿಂದ ಮುಂದಿನ ಗುಡ್ಡವನ್ನು ಏರತೊಡಗುತ್ತವೆ. ತಿಂಗಳಿಗೊಮ್ಮೆ ಲಸಿಕೆಯ ಡಬ್ಬಿ ಹೊತ್ತ ನರ್ಸಮ್ಮ ಅದೇ ದಾರಿಯಲ್ಲಿ ಹೋಗುತ್ತಾಳೆ. ಅವಳು ಬಂದುಹೋದ ಮರುದಿನ ಆ ಗುಡ್ಡದವರೆಗೆ ನಡೆದುಹೋದವರಿಗೆ ಕೊನೆಯ ಕಲ್ಲಿನ ಸುತ್ತಲ ಮಣ್ಣು ಇನ್ನೂ ಹಸಿಯಾಗಿರುವುದು ಕಾಣುತ್ತದೆ.